ನಾನು ಬಿದ್ದ ಬಾವಿ

ಬಿದ್ದದ್ದು ನಾನೇ ಇರಬೇಕು. ಎಲ್ಲರೂ ಹಾಗೇ ಹೇಳುತ್ತಾರೆ. ನನಗೆ ನೆನಪಿರುವುದು ಬಾಯೊಳಗೆ ನುಗ್ಗಿದ ನೀರು ಮತ್ತು ಮೇಲೆ ದುಂಡಗಿನ ಆಕಾಶ. ಅದೂ ನಾನು ಕಂಡದ್ದೋ, ಅತ್ತೆ ಹೇಳಿ ಹೇಳಿ ನನ್ನ ತಲೆಗೆ ತುಂಬಿದ್ದೋ ಗೊತ್ತಿಲ್ಲ. ನೆನಪು ತಮ್ಮದೇ ಸ್ವಂತ ಸರಕೆಂದು ನಂಬಿದವರನ್ನು ಕಂಡರೆ ನನಗೆ ಕನಿಕರ.

ಹೊನ್ನಾವರದಿಂದ ಕುಮಟೆಯ ಕಡೆ ಬರುವಾಗ ಹೆದ್ದಾರಿ ಬಿಟ್ಟು ಒಳಗೆ ಹೋದರೆ, ಟೆಂಪೋದವನು ಮುಖ ಗಂಟಿಕ್ಕಿ ಇಳಿಸಿಹೋಗುವ ಜಾಗವೇ ಅತ್ತೆಯ ಊರು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ನಡುವೆ ಅವೆರಡೂ ಇನ್ನೂ ತಿಂದು ಮುಗಿಸದ ಮರಳು. ‘ಪ್ರಕೃತಿಯ ಮಡಿಲು’ ಎಂದು ಇದರ ವಿಡಿಯೋ ಹಾಕುವವರಿದ್ದಾರೆ. ಕೂತವರನ್ನೇ ನುಂಗುವ ಮಡಿಲನ್ನು ನಾನು ಬೇರೆಲ್ಲೂ ಕಂಡಿಲ್ಲ. ‘ಬೀಚಿಗೆ ದಾರಿ’ ಎಂಬ ಫಲಕ ಈಗ ಅಲೆಗಳ ನಡುವೆ ನಿಂತು ಮೀನುಗಳಿಗೆ ದಾರಿ ತೋರಿಸುತ್ತಿದೆ.

ಕಳೆದ ಮಳೆಗಾಲದಲ್ಲಿ ಕಡಲು ಅತ್ತೆಯ ಹಿತ್ತಿಲನ್ನೂ ಪಕ್ಕದ ತಿಮ್ಮಪ್ಪಣ್ಣನ ಹಿತ್ತಿಲನ್ನೂ ಕೆರೆದು ಒಯ್ದಿತು. ಹಿತ್ತಿಲಿಗೊಂದರಂತೆ ಇದ್ದ ಎರಡು ಬಾವಿಗಳಲ್ಲಿ ಒಂದು ಮಾಯ. ಇನ್ನೊಂದರ ಸುತ್ತಲಿನ ಮರಳು ಹೋಗಿ, ಸಿಮೆಂಟಿನ ರಿಂಗುಗಳಷ್ಟೇ ಒಂದರ ಮೇಲೊಂದು ಕಂಬದಂತೆ ನಿಂತವು. ಬಗ್ಗಿ ನೋಡಬೇಕಾದ ಬಾವಿಯನ್ನು ಕತ್ತೆತ್ತಿ ನೋಡಬೇಕು. ಪ್ರವಾಸಿಗರು ಅದಕ್ಕೊರಗಿ ಸೆಲ್ಫಿ ತೆಗೆಯುವಾಗ, ಅತ್ತೆ ಕೊಡ ಹೊತ್ತು ಅವರನ್ನು ದಾಟಿ ದೂರದ ನಳಕ್ಕೆ ಹೋಗುತ್ತಿದ್ದಳು. ಪಂಚಾಯಿತಿ ಹೊಸ ಬಾವಿ ತೋಡಿಸಿಕೊಡುತ್ತದಂತೆ, ಆದರೆ ಕಣ್ಣಿಗೆ ಕಾಣುವ ನಷ್ಟಕ್ಕೆ ಮಾತ್ರ. ಪೂರ್ತಿ ಕಳೆದುಹೋದ ಬಾವಿ ನಷ್ಟವೇ ಅಲ್ಲ! ಹೀಗಾಗಿ ನಿಂತ ಬಾವಿಯನ್ನು ಇಬ್ಬರೂ ತಮ್ಮದೆಂದರು. ಬೇಲಿ, ತೆಂಗು, ಗಡಿಕಲ್ಲು ಎಲ್ಲ ಕಡಲಿನ ಹೊಟ್ಟೆಯಲ್ಲಿದ್ದವು. ಕುಮಟೆಯಲ್ಲಿ ಪಾಠ ಹೇಳುವ ನನ್ನ ಮಾತಿಗೆ ತೂಕವಿದೆಯೆಂದು ಅತ್ತೆ ನನ್ನನ್ನು ಸಾಕ್ಷಿಗೆ ಕರೆಸಿದಳು. ನನ್ನ ವಿದ್ಯಾರ್ಥಿಗಳನ್ನು ಅವಳು ವಿಚಾರಿಸಿರಲಿಲ್ಲ.

“ತಮಾ, ಸಣ್ಣವ ಇದ್ದಾಗ ನೀ ಇದ್ರೊಳಗೇ ಬಿದ್ದಿದ್ದೆ. ಹೇಳು ಮೆಂಬರ್ರಿಗೆ,” ಎಂದಳು ಅತ್ತೆ, ನಷ್ಟ ನೋಡಲು ಬಂದವರ ಮುಂದೆ.

“ಬಿದ್ದದ್ದು ಹೌದು. ಎತ್ತಿದ್ದು ನಾನೇ ಅಲ್ದಾ?” ಎಂದರು ತಿಮ್ಮಪ್ಪಣ್ಣ. “ನಮ್ಮ ಬಾವಿಗೆ ಬಿದ್ದವನ್ನ ನಾವಲ್ದೆ ಮತ್ಯಾರು ಎತ್ತೂದು?”

“ನಿಮ್ಮ ಬಾವಿ ನೀರು ಉಪ್ಪು. ಅದಕ್ಕೆ ಯಾರು ಬೀಳ್ತಿದ್ರು?”

ಪಂಚಾಯಿತಿ ಮೆಂಬರರಿಗೆ ಊಟದ ಹೊತ್ತಾಗಿತ್ತು. ನನ್ನ ಕಡೆ ತಿರುಗಿದರು. “ಎಂತ ಮಾಸ್ತರೆ, ಬಾಯಿಗೆ ಹೋದ ನೀರು ಸಿಹಿಯಾ, ಉಪ್ಪಾ?”

ಅತ್ತೆಯ ಸೊಂಟದಲ್ಲಿ ಖಾಲಿ ಕೊಡವಿತ್ತು. “ಸಿಹಿ,” ಎಂದೆ.

“ಆತು,” ಎಂದು ಮೆಂಬರರು ಬೈಕು ಹತ್ತಿದರು.

ತಿಮ್ಮಪ್ಪಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎತ್ತದೇ ಬಿಡೂದಿತ್ತು,” ಎಂದರು.

ಆಮೇಲೆ ಪಂಚಾಯಿತಿ ತನಗೆ ತೋಡಿಸಿಕೊಟ್ಟ ಹೊಸ ಬಾವಿಯ ನೀರು ಸಿಹಿಯಾಗಿದೆ ಎಂದು ಅತ್ತೆ ಫೋನಿನಲ್ಲಿ ಹೇಳಿದಳು. ತಿಮ್ಮಪ್ಪಣ್ಣ ಎಲ್ಲಿಂದ ನೀರು ತರುತ್ತಾರೆಂದು ನಾನು ಕೇಳಲಿಲ್ಲ. ನನ್ನನ್ನು ಎತ್ತಿದ್ದು ಅವರೇ ಎಂಬುದನ್ನು ಅತ್ತೆಯೂ ಒಪ್ಪುತ್ತಾಳೆ. ಆ ದಿನ ಬಾಯಿಗೆ ಹೋದ ನೀರು ಸಿಹಿಯಿತ್ತೋ ಉಪ್ಪಿತ್ತೋ, ನನಗೆ ಗೊತ್ತಿಲ್ಲ.