ನಮ್ಮ ರೂಮಿನ ದೆವ್ವಗಳು

ದೆವ್ವ ಇಲ್ಲ ಅಂತ ವಾದ ಮಾಡುವವನ ಮನೆಗೇ ಅದರ ತಾಪತ್ರಯ ಬರುತ್ತದೆ. ನಂಬುವವರು ಬಾಗಿಲಿಗೆ ಬೂದುಗುಂಬಳ ಕಟ್ಟಿ ಹಾಯಾಗಿರುತ್ತಾರೆ. ನಾನು ಹೊಸೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಬಾಗಲೂರಿನ ಹತ್ತಿರ ಗುಲಾಬಿ ತೋಟವೂ ಇದೆ. ಪುರುಸೊತ್ತಾದಾಗ ವಾದ ಮಾಡುವುದು ನನ್ನ ಚಟ. ಅನುಭವಿಸುವವರು ಮಾತ್ರ ಮನೆಯವರು.

ಸೆಟ್ಟೇ ಬೇಡ

ಚೆನ್ನೈಯಿಂದ ಸಿನಿಮಾದವರು ನಮ್ಮ ಮನೆಗೆ ಶೂಟಿಂಗಿಗೆ ಬಂದರು. ದೆವ್ವ ನಂಬದವನೊಬ್ಬ ದೆವ್ವದ ರೂಮಿನಲ್ಲಿ ಉಳಿದು ತಲೆ ಕೆಡಿಸಿಕೊಳ್ಳುವ ಕಥೆಯಂತೆ. ಡೈರೆಕ್ಟರು ನಾವು ಮಲಗುವ ರೂಮಿಗೆ ಕಾಲಿಟ್ಟವರೇ, ಇದಕ್ಕೆ ಸೆಟ್ಟೇ ಬೇಡ, ನೋಡಿದರೇ ಮೈ ಜುಂ ಅನ್ನುತ್ತದೆ ಎಂದು ತಮಿಳಿನಲ್ಲಿ ಸಂತೋಷಪಟ್ಟರು. ದೀಪಾವಳಿಗೆ ತಾನೇ ನಿಂತು ಬಣ್ಣ ಹೊಡೆಸಿದ್ದ ನನ್ನ ಹೆಂಡತಿಯ ಮುಖ ಊದಿಕೊಂಡಿತು. ಆಮೇಲೆ ಡೈರೆಕ್ಟರ ಕಣ್ಣು ಗೋಡೆಯ ಮೇಲಿದ್ದ ನಮ್ಮ ಮದುವೆ ಫೋಟೋದ ಮೇಲೆ ಬಿತ್ತು.

"ಇದನ್ನಂತೂ ತೆಗೀಲೇಬೇಡಿ" ಅಂದರು.

ಮುದ್ದೆ ತಿಂದ ದೆವ್ವ

ಆಗ ಮಗಳಿಗೆ ರಾಯಕೋಟೆಯ ಸಂಬಂಧವೊಂದು ಕೂಡಿಬರುತ್ತಿತ್ತು. ಹುಡುಗನನ್ನು ಒಪ್ಪಿದ್ದ ಅವಳು, ಇದು ತಪ್ಪಿದರೆ ಇನ್ಯಾರನ್ನೂ ನೋಡುವುದಿಲ್ಲ ಅಂತ ಹೇಳಿಬಿಟ್ಟಿದ್ದಳು.

ಒಂದು ದಿನ ದೆವ್ವದ ಪಾತ್ರದ ಹುಡುಗಿ ಬಿಳಿ ಸೀರೆ, ಕೆದರಿದ ಕೂದಲು, ಬಾಯ ಸುತ್ತ ರಕ್ತದ ಬಣ್ಣದ ಸಮೇತ ನೀರು ಕೇಳಲು ಅಡುಗೆಮನೆಗೆ ಬಂದಳು. ನಮ್ಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಏಟು ಸೊರಗಿದ್ದೀಯವ್ವಾ, ಕೂತ್ಕೊ" ಅಂತ ಜಗುಲಿಯಲ್ಲಿ ಕೂರಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಅದೇ ಹೊತ್ತಿಗೆ ಮದುವೆ ಬ್ರೋಕರ್ ಗೇಟು ತೆಗೆದ. ಒಮ್ಮೆ ನೋಡಿದ, ಬೈಕು ತಿರುಗಿಸಿದ.

ಅಮ್ಮ ಹಿಂದಿನಿಂದ ಕೂಗಿದಳು: "ಬಾರಪ್ಪ, ಇವಳ ಪಕ್ಕದಾಗೇ ಎಲೆ ಹಾಕ್ತೀನಿ."

ನಂಬದ ಮಾವ

ನಮ್ಮ ರೂಮಿನಲ್ಲಿ ದೆವ್ವ ಇದೆ ಅಂತ ಸುದ್ದಿ ರಾಯಕೋಟೆ ಮುಟ್ಟಿತು. ದೆವ್ವದ ಮನೆಯ ಹೆಣ್ಣು ಬೇಡ ಅಂದರಂತೆ ಹುಡುಗನ ತಾಯಿ. ಅವನ ಸೋದರಮಾವ ನನ್ನ ಜಾಯಮಾನದವನು. "ದೆವ್ವಾನೂ ಇಲ್ಲ ಗಿವ್ವಾನೂ ಇಲ್ಲ. ಆ ರೂಮ್ನಾಗೆ ನಾನೇ ಮಲಗಿ ಎದ್ದು ಬತ್ತೀನಿ" ಅಂತ ಹೊರಟುಬಿಟ್ಟ. ಮಗಳು ದೇವರ ಮುಂದೆ ಕೂತಳು.

ಸಿನಿಮಾದವರು, ಇನ್ನೊಂದು ಸೀನ್ ಬಾಕಿಯಿದೆ, ರೂಮಿನಲ್ಲಿ ಏನನ್ನೂ ಮುಟ್ಟಬೇಡಿ ಅಂತ ಹೇಳಿ ಹೋಗಿದ್ದರು. ಅವರ ಕಥೆಯಲ್ಲಿ ನಾನೂ ನನ್ನ ಹೆಂಡತಿಯೂ ಸತ್ತುಹೋದ ಮನೆಯವರು. ಹಾಗಾಗಿ ನಮ್ಮ ಮದುವೆ ಫೋಟೋಗೆ ಗಂಧದ ಹಾರ ಹಾಕಿ, ಕುಂಕುಮ ಇಟ್ಟು, ಕೆಳಗೆ ದೀಪ ಇಟ್ಟಿದ್ದರು. ಹಾರ ತೆಗೀರಿ ಅಂತ ಹೆಂಡತಿ ಎಷ್ಟು ಗೋಗರೆದರೂ, ಹಾರ ಹಾಕಿದರೆ ಯಾರಾದರೂ ಸಾಯುತ್ತಾರಾ ಅಂತ ನಾನು ವಾದ ಮಾಡಿದ್ದೆ. ಅಂದಿನಿಂದ ಅವಳು ಆ ರೂಮಿಗೆ ಕಾಲಿಟ್ಟಿರಲಿಲ್ಲ.

ಮಾವ ಮಧ್ಯಾಹ್ನವೇ ಬಂದಿಳಿದ. ಅವನು ಅದುವರೆಗೆ ನಮ್ಮನ್ನು ನೋಡಿದವನಲ್ಲ. ನಾವಿಬ್ಬರೂ ತೋಟದಲ್ಲಿದ್ದೆವು. ಹುಡುಗಿಯ ಅಪ್ಪ ಅಮ್ಮ ಎಲ್ಲಿ ಅಂತ ಕೇಳಿದ್ದಕ್ಕೆ ನಮ್ಮಮ್ಮ, "ಬತ್ತಾರೆ ಕಣಪ್ಪ. ನೀನು ಮಲಕ್ಕೊ, ಆ ರೂಮಿಗೇ ಬತ್ತಾರೆ" ಅಂದಿದ್ದಾಳೆ.

ಬೀಗರ ಕಡೆಯವರು ಬಂದರೆಂದು ನನ್ನ ಹೆಂಡತಿ ಓಡಿಬಂದು ಮದುವೆಯ ರೇಷ್ಮೆ ಸೀರೆ ಉಟ್ಟಳು, ಅವಳಲ್ಲಿದ್ದ ಒಳ್ಳೆಯ ಸೀರೆ ಅದೊಂದೇ. ನನಗೂ ಬಿಳಿ ಪಂಚೆ ಉಡಿಸಿದಳು. ಕಾಫಿ ಹಿಡಿದು ಮೆಲ್ಲಗೆ ಬಾಗಿಲು ತೆರೆದೆವು. ಮಾವ ಎದ್ದು ಕೂತು ಫೋಟೋ ನೋಡುತ್ತಿದ್ದ. ನಮ್ಮನ್ನು ನೋಡಿದ. ಮತ್ತೆ ಫೋಟೋ ನೋಡಿದ. ಮಂಚದ ಮೇಲೇ ಎರಡೂ ಕೈ ಮುಗಿದ.

"ಯಾಕೆ ಬಂದ್ರಿ ಅಂತ ಗೊತ್ತಾಯ್ತು. ಮಗಳ ಯೋಚ್ನೆ ಬುಟ್ಬುಡಿ. ಈ ಮದ್ವೆ ನಾನು ಮಾಡಿಸ್ತೀನಿ. ನೀವು ನೆಮ್ದಿಯಾಗಿ ಹೋಗಿ."

ನಾನು ವಾದಕ್ಕೆ ಬಾಯಿ ತೆರೆದೆ. ಹೆಂಡತಿ ನನ್ನ ಕಾಲು ತುಳಿದು ಮೆಲ್ಲಗೆ ಕೇಳಿದಳು: "ಛತ್ರದ ಖರ್ಚು ಯಾರ್ದಣ್ಣ?"

"ನಮ್ದೇ ತಾಯಿ, ಎಲ್ಲಾ ನಮ್ದೇ" ಅಂದ ಮಾವ. "ಕಾಫಿ ಅಲ್ಲೇ ಇಟ್ಟು ಹೋಗಿ."