ಕನ್ನಡಿಯ ನಡುವಿನ ಚುಕ್ಕೆ

"ಕನ್ನಡಿ ವಿಷಯ ನನಗೇ ಹೇಳ್ಕೊಡ್ತೀಯಾ? ಅರ್ಧ ಆಯಸ್ಸು ಕನ್ನಡಿ ಮುಂದೇನೇ ಕಳೆದಿದೀನಿ ಕಣೇ!"

ಸಲೂನಿನ ಯಜಮಾನರು ಹೀಗೆ ಎದೆ ತಟ್ಟಿಕೊಂಡಾಗಲೇ ಹೆಂಡತಿಯ ಬಲಗಣ್ಣು ಅದುರಬೇಕಿತ್ತು. ಗ್ರಹಚಾರ, ಅದುರಲಿಲ್ಲ!

ಮಕ್ಕಳನ್ನು ಒಂದು ದಡ ಸೇರಿಸಿ, ಮತ್ತೆ ಕಾಲೇಜು ಸೇರಿದ ಮಹಾತಾಯಿ ಆಕೆ. ಚಂದ್ರನ ಗುಳಿಗಳನ್ನು ನೋಡಿ ಚಿತ್ರ ಬರೆದು ತರಲಿ ಅಂತ ಲೆಕ್ಚರರು ಕಾಲೇಜಿಗಿದ್ದ ಒಂದೇ ಒಂದು ಟೆಲಿಸ್ಕೋಪನ್ನು ನಂಬಿ ಮನೆಗೇ ಕೊಟ್ಟಿದ್ದರು. ವರ್ಷದ ಓದೆಲ್ಲ ಆ ಚಿತ್ರಗಳ ಮೇಲೇ ನಿಂತಿತ್ತು.

"ರೀ, ತಳದಲ್ಲಿರೋ ದೊಡ್ಡ ಕನ್ನಡಿ ಬೆಳಕನ್ನ ಒಟ್ಟುಮಾಡಿ ಮೇಲಿನ ಪುಟ್ಟ ಕನ್ನಡಿಗೆ ಕಳಿಸತ್ತೆ. ಅಲ್ಲಿಂದ ಪಕ್ಕದ ಮಸೂರಕ್ಕೆ ಬರತ್ತೆ. ಮುಂದೆ ಸೋಲಾರ್ ಫಿಲ್ಟರ್ ಹಾಕದೆ ಸೂರ್ಯನ್ನ ನೋಡಿದ್ರೋ, ಕಣ್ಣು ಭಸ್ಮ! ಮುಟ್ಟಲೇಬೇಡಿ," ಎಂದು ಹೇಳಿ ಆಕೆ ಕ್ಲಾಸಿಗೆ ಹೋದಳು.

ಸೂರ್ಯನ ಮಟ್ಟಿಗೆ ಯಜಮಾನರು ಚಾಚೂ ತಪ್ಪಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿ, ಮೇಲೆ ಕಂಬಳಿ ಇಳಿಬಿಟ್ಟರು. ಸೂರ್ಯನ ಅಪ್ಪ ಬಂದರೂ ಒಳಗೆ ನುಸುಳುವಂತಿರಲಿಲ್ಲ! ಆದರೆ ಅಂಗಡಿಗೆ ರಜೆ, ಕೈಗೆ ಕೆಲಸವಿಲ್ಲ. ಟಾರ್ಚ್ ಹಿಡಿದು ಕೊಳವೆಯೊಳಗೆ ಇಣುಕಿದರು. ಅಯ್ಯೋ! ದೊಡ್ಡ ಕನ್ನಡಿಯ ಮೇಲೆ ಧೂಳು, ನಟ್ಟನಡುವೆ ಒಂದು ಕಪ್ಪು ಚುಕ್ಕೆ!

"ಥೂ! ನನ್ನ ಅಂಗಡೀಲಿ ಇಂಥ ಕನ್ನಡಿ ಇದ್ದಿದ್ರೆ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಹೋಗ್ತಿದ್ದ!"

ಸ್ಕ್ರೂ ಬಿಚ್ಚಿ ಕನ್ನಡಿ ಹೊರತೆಗೆದರು. ಒದ್ದೆ ಪೇಪರಿನಲ್ಲಿ ಒರೆಸಿದರು, ಚುಕ್ಕೆ ಜಗ್ಗಲಿಲ್ಲ. ಸೋಪು ಹಚ್ಚಿದರು, ಜಗ್ಗಲಿಲ್ಲ. ಪಾತ್ರೆ ತಿಕ್ಕುವ ಪುಡಿ ಹಾಕಿ ರಪರಪ ಉಜ್ಜಿದರು ನೋಡಿ, ಚುಕ್ಕೆ ಹೋಯಿತು. ಬೆನ್ನಿಗೇ ಬೆಳ್ಳಿಯಂಥ ಹೊಳಪೂ ಹೋಯಿತು! ಗಾಜಿನಾಚೆಯಿಂದ ಯಜಮಾನರಿಗೆ ಅವರದೇ ಅಂಗೈ ಕಾಣಿಸಿತು.

ಮನೆಗೆ ಬಂದ ಹೆಂಡತಿ ಹೊಳಪು ಹೋದ ಗಾಜನ್ನು ಎತ್ತಿ ನೋಡಿದಳು.

"ನಿಮ್ಮ ಅಂಗಡಿ ಕನ್ನಡೀಲಿ ಲೇಪ ಗಾಜಿನ ಹಿಂದೆ ಇರತ್ತೆ ರೀ. ಇದರಲ್ಲಿ ಮುಂದೇನೇ ಇರತ್ತೆ! ಬೆರಳು ತಾಗಿದ್ರೂ ಕಷ್ಟ!"

"ಮತ್ತೆ ಆ ಚುಕ್ಕೆ?"

"ಎರಡು ಕನ್ನಡೀನೂ ನೆಟ್ಟಗಿವೆಯಾ ಅಂತ ನೋಡೋಕೆ ಬೇಕಂತಲೇ ಇಟ್ಟಿರೋ ಗುರುತು!"

ಯಜಮಾನರು ಹೆಂಡತಿಯ ಕಾಲೇಜು ಚೀಲಕ್ಕೆ ಕೈ ಹಾಕಿದರು. "ಸ್ಕೆಚ್ ಪೆನ್ನಲ್ಲಿ ಇನ್ನೊಂದು ಇಟ್ಟುಬಿಡ್ಲಾ?"

ಆಕೆ ಬೈಯಲಿಲ್ಲ, ಅಳಲೂ ಇಲ್ಲ. "ಬೈದಾದ್ರೂ ಬಿಡೇ," ಎಂದು ಯಜಮಾನರು ಗೋಗರೆದರೂ ಆಕೆ ಗಾಜನ್ನು ಬಟ್ಟೆಯಲ್ಲಿ ಸುತ್ತಿ, ಕೊಳವೆಯನ್ನು ಅವರ ಹೆಗಲಿಗೇರಿಸಿದಳು.

ಸಂಜೆ ಕಾಲೇಜಿನಲ್ಲಿ ಲೆಕ್ಚರರು ಗಾಜನ್ನು ಎತ್ತಿ ಹಿಡಿದು, ಅದರ ಮೂಲಕವೇ ಆಕೆಯ ಮುಖ ನೋಡಿದರು. "ಹೊಸ ಲೇಪಕ್ಕೆ ದೂರ ಕಳಿಸ್ಬೇಕಮ್ಮ. ಈ ವರ್ಷಕ್ಕೆ ನಿಮ್ಮ ಚಂದ್ರನ ಕಥೆ ಮುಗೀತು. ಯಾರು ಇದನ್ನ ಉಜ್ಜಿದ್ದು?"

ಕೊಳವೆ ಹೊತ್ತು ಬಾಗಿಲಲ್ಲಿ ನಿಂತಿದ್ದ ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿಬಿಟ್ಟಳು: "ನಾನೇ ಸಾರ್."

ಬೀದಿಗೆ ಬರುತ್ತಲೇ ಯಜಮಾನರ ಕಣ್ಣಲ್ಲಿ ಗಂಗಾಭವಾನಿ! "ನನ್ನ ಮಾನ ಉಳಿಸೋಕೆ ತಪ್ಪೆಲ್ಲ ನಿನ್ನ ತಲೆ ಮೇಲೆ ಹಾಕ್ಕೊಂಡ್ಯಲ್ಲೇ!"

"ನಿಮ್ಮ ಮಾನ ಯಾರಿಗೆ ಬೇಕು?" ಆಕೆ ತಿರುಗಿಯೂ ನೋಡಲಿಲ್ಲ. "ನಾನು ಉಜ್ಜಿದೆ ಅಂದ್ರೆ, ಒಂದ್ಸಲ ಎಡವಿದಾಳೆ ಅಂತ ಮುಂದಿನ ವರ್ಷನಾದ್ರೂ ಕೊಟ್ಟಾರು. ಇಂಥ ಕೆಲಸ ಮಾಡೋ ನಿಮ್ಮನ್ನ ಕಣ್ಣಾರೆ ನೋಡಿ, ಒಪ್ಪಿ ಕಟ್ಕೊಂಡವಳು ನಾನು ಅಂತ ಗೊತ್ತಾದ್ರೆ, ಟೆಲಿಸ್ಕೋಪ್ ಹಾಗಿರ್ಲಿ, ಕನ್ನಡಕ ಕೂಡ ನನ್ನ ಕೈಗೆ ಕೊಡಲ್ಲ!"