ಪಾಪದವನ ಪಕ್ಷ

ಜಗತ್ತಿನ ಅತಿ ದೊಡ್ಡ ಗಾಲ್ಫ್ ಆಟಗಾರರಿಗೆ ಒಂದು ವಿಷಯವನ್ನು ಯಾರೂ ತಿಳಿಸಿದ ಹಾಗಿಲ್ಲ. ಅವರಲ್ಲಿ ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ತೀರ್ಮಾನವಾಗುವುದು ಅಮೆರಿಕದಲ್ಲಿ ಅಲ್ಲ, ಬ್ರಿಟನ್ನಿನಲ್ಲೂ ಅಲ್ಲ. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ, ನನ್ನ ಸೋದರಮಾವನ ಹೋಟೆಲಿನಲ್ಲಿ, ಕ್ಯಾಶ್ ಮೇಜಿನ ಪಕ್ಕದ ಬೆಂಚಿನ ಮೇಲೆ, ಬೆಳಗ್ಗಿನ ಎರಡನೇ ಚಾ ಮುಗಿಯುವ ಮೊದಲು! ಆಮೇಲೆ ಅಲ್ಲಿ ಹುಲ್ಲಿನ ಮೇಲೆ ನಡೆಯುವುದೆಲ್ಲ ಬರೀ ಔಪಚಾರಿಕ.

ಮಾವ ಗಾಲ್ಫ್ ಕೋಲು ಮುಟ್ಟಿದವರಲ್ಲ. ಗಾಲ್ಫ್ ಮೈದಾನವನ್ನು ಕಣ್ಣಾರೆ ಕಂಡವರೂ ಅಲ್ಲ. ಬರಿಗಾಲಲ್ಲಿ ಹುಲ್ಲು ತುಳಿದರೆ ಅವರಿಗೆ ತುರಿಕೆ ಬರುತ್ತದೆ. "ಮಾವ, ಒಮ್ಮೆಯೂ ಆಡದೆ ಇಷ್ಟೆಲ್ಲ ಹೇಗೆ ಹೇಳ್ತೀರಿ?" ಎಂದು ನಾನು ಒಮ್ಮೆ ಕೇಳಿದ್ದುಂಟು.

"ನಿನ್ನ ಜಾತಕ ಕೂಡಿಸಿದವರು ಬ್ರಹ್ಮಚಾರಿ," ಎಂದರು ಮಾವ. "ಅವರ ಹತ್ರ ನೀನು ಈ ಪ್ರಶ್ನೆ ಕೇಳಿದ್ದೀಯ?"

ಕೇಳಿರಲಿಲ್ಲ. ಕೇಳಬೇಕಿತ್ತು ಎಂದು ನನ್ನ ಗಂಡನಿಗೆ ಈಗಲೂ ಅನ್ನಿಸುತ್ತದೆ.

ಗಾಲ್ಫ್ ನಮ್ಮ ಹೋಟೆಲಿಗೆ ಬಂದದ್ದು ಗಿರಾಕಿಗಳನ್ನು ಓಡಿಸುವ ಸಾಧನವಾಗಿ. ಮಾವ ಆಸೆಯಿಂದ ಟಿವಿ ತಂದು ಗೋಡೆಗೆ ಹಾಕಿಸಿದ್ದರು. ಕ್ರಿಕೆಟ್ ಇದ್ದ ದಿನ ಜನ ಒಂದು ಚಾ ಮುಂದೆ ಇಟ್ಟುಕೊಂಡು ಕೂತರೆ ಏಳುವುದೇ ಇಲ್ಲ. ಊಟಕ್ಕೆ ಬಂದವರು ಬಾಗಿಲಲ್ಲಿ ನಿಂತು ಹಸಿದ ಕಣ್ಣಿನಿಂದ ಸ್ಕೋರ್ ನೋಡುವ ಪರಿಸ್ಥಿತಿ. ಮಾವ ರಿಮೋಟ್ ಹಿಡಿದು ಹುಡುಕಿದರು, ಯಾರೂ ನೋಡಲಾರದ ಚಾನೆಲ್ ಯಾವುದೆಂದು. ಸಿಕ್ಕಿತು. ಒಬ್ಬ ಟೊಪ್ಪಿ ಹಾಕಿದವ ಒಂದು ಗುಂಡಿಯನ್ನು ತುಂಬ ಹೊತ್ತು ನೋಡುತ್ತಾ ನಿಂತಿದ್ದ, ಹಿಂದೆ ಒಂದು ಸಾವಿರ ಜನ ಉಸಿರು ಬಿಡದೆ ಅವನನ್ನು ನೋಡುತ್ತಿದ್ದರು. ಮಂಗಳೂರಿನಲ್ಲಿ ಗುಂಡಿ ನೋಡಲು ಟಿವಿ ಯಾಕೆ ಬೇಕು? ಕಾಲು ಗಂಟೆಯಲ್ಲಿ ಹೋಟೆಲ್ ಖಾಲಿ.

ಇಬ್ಬರು ಮಾತ್ರ ಉಳಿದರು. ಒಬ್ಬರು ಮಾವ, ಅವರಿಗೆ ಕ್ಯಾಶ್ ಬಿಟ್ಟು ಹೋಗುವ ಹಾಗಿರಲಿಲ್ಲ. ಇನ್ನೊಬ್ಬರು ಭಟ್ರು.

ಭಟ್ರು ದೇವಸ್ಥಾನದ ಮನೆತನದವರು. ಅವರ ಅಣ್ಣ ಈಗಲೂ ಪೂಜೆಗೆ ನಿಲ್ಲುತ್ತಾರೆ, ಇವರು ಮಾತ್ರ ಇಲ್ಲೇ ಒಂದು ಕಾಲೇಜಿನಲ್ಲಿ ಲೆಕ್ಕ ಕಲಿಸಿ ರಿಟೈರ್ ಆದವರು. ಮೈಕ್ ಇಲ್ಲದೆ ಹಿಂದಿನ ಬೆಂಚಿನವರೆಗೆ ಕೇಳಿಸುವ ಸ್ವರ. ಬೆಳಗ್ಗೆ ಜೆಪ್ಪುವಿನಿಂದ ಬಸ್ಸು ಹಿಡಿದು ಬಂದು, ಒಂದು ಪ್ಲೇಟ್ ಗೋಳಿಬಜೆ ತಿಂದು, ಪೇಪರಿನಲ್ಲಿ ತಪ್ಪು ಹುಡುಕಿ ಮನೆಗೆ ಹೋಗುವುದು ಅವರ ಕ್ರಮ. ಆ ದಿನ ಅವರು ಪೇಪರ್ ಮಡಚಿಟ್ಟು, ಮಾವನ ಕಡೆ ತಿರುಗಿ, "ಶೆಟ್ರೆ, ಈ ಆಟದಲ್ಲಿ ಮೈನಸ್ ಬಂದವ ಗೆಲ್ಲುವುದು ಮಾರಾಯ್ರೆ," ಎಂದರು. ನಲವತ್ತು ವರ್ಷ ಮಕ್ಕಳ ಮೈನಸ್ ಮಾರ್ಕಿಗೆ ಬೈದ ಮನುಷ್ಯ ಅವರು. ಆ ಕ್ಷಣದಲ್ಲಿ ಅವರ ಮುಖ ನೋಡಬೇಕಿತ್ತು.

ಅಲ್ಲಿಂದ ಶುರು. ವರ್ಷಕ್ಕೆ ನಾಲ್ಕು ದೊಡ್ಡ ಪಂದ್ಯ, ಮೇಜರ್ ಎಂದು ಹೇಳುತ್ತಾರೆ. ಏಪ್ರಿಲಿನಲ್ಲಿ ಗೆದ್ದವನಿಗೆ ಹಸಿರು ಕೋಟು ತೊಡಿಸುವಂಥದ್ದು, ಮೇಯಲ್ಲಿ ಒಂದು, ಜೂನಿನಲ್ಲಿ ಒಂದು, ಜುಲೈಯಲ್ಲಿ ಬ್ರಿಟನ್ನಿನ ಕಡಲ ಬದಿಯದ್ದು. ಇಬ್ಬರೂ ಬೇಗ ಮಲಗುವವರಾದ್ದರಿಂದ ಮರುದಿನ ಬೆಳಗ್ಗೆ ಹೈಲೈಟ್ಸ್ ನೋಡುವುದು. ಅದರ ಮೊದಲು ಫಲಿತಾಂಶ ಹೇಳಿದವನಿಗೆ ಹೋಟೆಲಿನಲ್ಲಿ ಚಾ ಇಲ್ಲ.

ವಿದೇಶಿ ಹೆಸರುಗಳು ಮಾವನ ನಾಲಿಗೆಗೆ ಬಗ್ಗುವುದಿಲ್ಲ. ಹಾಗಾಗಿ ಎಲ್ಲರಿಗೂ ಅವರೇ ಹೊಸದಾಗಿ ನಾಮಕರಣ ಮಾಡಿದರು. ಜಗತ್ತಿನ ನಂಬರ್ ಒನ್ ಆಟಗಾರ ಅವರ ಬಾಯಲ್ಲಿ 'ಬ್ಯಾಂಕ್ ಮ್ಯಾನೇಜರ್'. ಗೆದ್ದರೂ ಅದೇ ಮುಖ, ಸೋತರೂ ಅದೇ ಮುಖ, ಸಾಲ ಸಿಕ್ಕಿತೋ ಇಲ್ಲವೋ ಎಂದು ಅವನನ್ನು ನೋಡಿ ಹೇಳುವ ಹಾಗಿಲ್ಲ. ಭಟ್ರು ಅವನ ಪಕ್ಷ. ಮಾವನ ಪಕ್ಷ ಇನ್ನೊಬ್ಬ, ತಲೆ ನರೆತ ಆಟಗಾರ. ಒಳ್ಳೆಯ ಆಟ. ಆದರೆ ಮೇಜರ್ ಎಂದರೆ ಕೊನೆಯ ದಿನ ಕೈ ನಡುಗಿ ಎರಡನೆಯವನಾಗಿ ನಿಲ್ಲುತ್ತಾನೆ, ಗೆದ್ದವನ ಬೆನ್ನು ತಟ್ಟುತ್ತಾನೆ, ಮನೆಗೆ ಹೋಗುತ್ತಾನೆ. ಅವನ ಹೆಸರು 'ಪಾಪದವ', ನಮ್ಮ ಕಡೆ ಹಾಗೆಂದರೆ ಬಡಪಾಯಿ.

"ಆ ಪಾಪದವ ಈ ಸಲ ಹೊಡೀತಾನೆ, ನೋಡಿ ಭಟ್ರೆ."

"ಗುಂಡಿಯ ಹತ್ರ ಅವನದ್ದು ಶೇಕಡಾವಾರು ಎಷ್ಟುಂಟು ಗೊತ್ತುಂಟ ನಿಮಗೆ?"

"ಶೇಕಡಾವಾರು ನೋಡಿ ನಾನು ಹೋಟೆಲ್ ಇಟ್ಟದ್ದ?"

ಜಗಳವೆಲ್ಲ ತುಳುವಿನಲ್ಲಿ. ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಚಾಕ್ಕೆ ನಿಲ್ಲುವವಳು, ಕೇಳಿದ್ದನ್ನು ಇಲ್ಲಿ ಕನ್ನಡಕ್ಕೆ ಹೇಳುತ್ತಿದ್ದೇನೆ. ಬೈಗಳನ್ನು ಬಿಟ್ಟಿದ್ದೇನೆ. ಅವು ಕನ್ನಡದಲ್ಲಿ ಚೆನ್ನಾಗಿ ಕೂರುವುದಿಲ್ಲ.

ಭಟ್ರದ್ದು ಗಣಿತ. ಮಾವನ ಶಾಸ್ತ್ರ ಬೇರೆ. ಚಿಕ್ಕಂದಿನಲ್ಲಿ ಅವರು ಅಜ್ಜನ ಜೊತೆ ಕೋಳಿ ಅಂಕಕ್ಕೆ ಹೋದವರು. ಯಾವ ದಿನ ಯಾವ ಬಣ್ಣದ ಹುಂಜ ಯಾವ ಬಣ್ಣದ್ದನ್ನು ಸೋಲಿಸುತ್ತದೆ ಎಂಬುದಕ್ಕೆ ನಮ್ಮಲ್ಲಿ ಕೋಳಿ ಪಂಚಾಂಗ ಎಂದೇ ಉಂಟು, ಅದು ಅವರಿಗೆ ಬಾಯಿಪಾಠ. ಬಿಳಿಯದ್ದು ಬೊಳ್ಳೆ, ನೀಲಿ ಛಾಯೆಯದ್ದು ನೀಲೆ, ಕೆಂಪಿನದ್ದು ಕೆಮ್ಮೈರೆ. ಮಾವ ಇದನ್ನು ಗಾಲ್ಫ್ ಆಟಗಾರರ ಅಂಗಿಗೆ ಹಚ್ಚಿದರು! ಒಂದು ಆದಿತ್ಯವಾರ ಬೆಳಗ್ಗೆ ಹೇಳಿದರು, "ಇವತ್ತು ಬೊಳ್ಳೆಯ ದಿನ. ಪಾಪದವ ಬಿಳಿ ಅಂಗಿ ಹಾಕ್ತಾನಂತೆ. ಮ್ಯಾನೇಜರ್ ನೀಲೆ. ಕತೆ ಮುಗೀತು."

"ಶೆಟ್ರೆ, ಅದು ಕೋಳಿಗೆ."

"ಪಂಚಾಂಗ ಉಂಟು ಅಂತ ಕೋಳಿಗೆ ಸಹ ಗೊತ್ತಿಲ್ಲ ಭಟ್ರೆ. ಆದರೂ ಗೆಲ್ತದೆ."

ಆದರೆ ಆ ದಿನ ಮ್ಯಾನೇಜರೇ ಗೆದ್ದ. ಮರುದಿನ ಭಟ್ರು ಎದೆ ಉಬ್ಬಿಸಿಕೊಂಡು ಬಂದರೆ ಮಾವ ತಣ್ಣಗೆ ಕೂತಿದ್ದರು. ಅಲ್ಲಿ ಆದಿತ್ಯವಾರ ಸಂಜೆ ಕೊನೆಯ ಗುಂಡಿಗೆ ಬರುವಾಗ ನಮ್ಮಲ್ಲಿ ಸೋಮವಾರ ಹುಟ್ಟಿ ಆಗಿತ್ತು. ಸೋಮವಾರದ ಲೆಕ್ಕ ಬೇರೆ. ಪಂಚಾಂಗ ತಪ್ಪಲಿಲ್ಲ, ಭೂಮಿ ತಿರುಗಿದ್ದೇ ತಪ್ಪು ಎಂದು ತೀರ್ಮಾನವಾಯಿತು.

ಬಜಪೆ ವಿಮಾನ ನಿಲ್ದಾಣಕ್ಕೆ ಮಾವನನ್ನು ಕರೆದುಕೊಂಡು ಹೋಗಬಾರದು ಎಂದು ನಾನು ಕಲಿತದ್ದು ಬೊಂಬಾಯಿಯಿಂದ ಬರುವ ಚಿಕ್ಕಮ್ಮನಿಗೆ ಕಾಯುತ್ತಿದ್ದಾಗ. ಹೊರಗೆ ಬಂದ ಒಬ್ಬ ಯುವಕನ ಹೆಗಲಲ್ಲಿ ಉದ್ದದ ಚೀಲ ಇತ್ತು. ಮಾವ ಅವನನ್ನು ಬದಿಗೆ ಕರೆದು ನಿಲ್ಲಿಸಿಕೊಂಡರು. ಮರಳಿನಲ್ಲಿ ಬಿದ್ದ ಚೆಂಡನ್ನು ಎತ್ತುವುದು ಹೇಗೆ, ಉಸಿರು ಎಲ್ಲಿ ಹಿಡಿಯಬೇಕು, ಮೊಣಕೈ ಯಾಕೆ ಬಗ್ಗಬಾರದು, ಎಲ್ಲ ತಮ್ಮ ಕೊಡೆಯಲ್ಲಿ ತೋರಿಸಿದರು. ಆ ಸಭ್ಯ ಯುವಕ ಪೂರ್ತಿ ಕೇಳಿ, "ಅಂಕಲ್, ನಾನು ಮದುವೆ ಫೋಟೋಗ್ರಾಫರ್. ಇದು ಲೈಟ್ ಸ್ಟ್ಯಾಂಡ್," ಎಂದ.

ಮಾವ ಕೊಡೆ ಮಡಚಿದರು. "ಆಯ್ತು. ಆದರೂ ಮೊಣಕೈ ಬಗ್ಗಬಾರದು," ಎಂದರು. ಅಷ್ಟರಲ್ಲಿ ಚಿಕ್ಕಮ್ಮ ನಮ್ಮನ್ನು ಹುಡುಕಿ ಸುಸ್ತಾಗಿ ರಿಕ್ಷಾ ಮಾಡಿಕೊಂಡು ಹೋಗಿದ್ದರು.

ಎಲ್ಲಕ್ಕಿಂತ ದೊಡ್ಡ ಸಂಗತಿ ಅರ್ಚನೆಯದ್ದು. ಈ ವರ್ಷದ ಹಸಿರು ಕೋಟಿನ ಪಂದ್ಯಕ್ಕೆ ಮೊದಲು ಮಾವ ಪಾಪದವನ ಹೆಸರಿನಲ್ಲಿ ಅರ್ಚನೆ ಮಾಡಿಸಲು ಹೊರಟರು. ಹೋದದ್ದು ಭಟ್ರ ಅಣ್ಣ ಪೂಜೆ ಮಾಡುವ ದೇವಸ್ಥಾನಕ್ಕೇ. ನಕ್ಷತ್ರ ಬೇಕಲ್ಲ? ಹುಟ್ಟಿದ ತಾರೀಕು ಮೊಬೈಲಿನಲ್ಲಿ ಸಿಕ್ಕಿತು, ನಕ್ಷತ್ರ ತೆಗೆಯುವವರು ಯಾರು? ಎದುರು ಪಾರ್ಟಿಯ ಭಟ್ರೇ ಕೂತು ಲೆಕ್ಕ ಹಾಕಿದರು. ಅಮೆರಿಕದ ಸೂರ್ಯೋದಯಕ್ಕೆ ಸರಿಮಾಡಿ, ಎರಡು ಸಲ ತಾಳೆ ನೋಡಿ, "ರೋಹಿಣಿ" ಎಂದರು. ತನ್ನವ ಸೋತರೂ ಪರವಾಗಿಲ್ಲ, ಲೆಕ್ಕ ತಪ್ಪಬಾರದು ಎಂಬ ಜಾತಿಯ ಮನುಷ್ಯ.

"ಗೋತ್ರ?" ಎಂದು ಅಣ್ಣ ಕೇಳಿದರು.

"ಗೊತ್ತಿಲ್ಲದವರಿಗೆ ಕಾಶ್ಯಪ ಅಲ್ವ? ಹಾಕಿ," ಎಂದರು ಮಾವ.

ಹೀಗೆ ಕಾಶ್ಯಪ ಗೋತ್ರದ, ರೋಹಿಣಿ ನಕ್ಷತ್ರದ ಅಮೆರಿಕದ ಪಾಪದವ ಎರಡನೆಯವನಾಗಿ ಬಂದ. ಮಾವ ದೇವರನ್ನು ದೂರಲಿಲ್ಲ. "ಗೋತ್ರ ತಪ್ಪಿದೆ," ಎಂದರು.

ಮೇ ತಿಂಗಳ ಪಂದ್ಯದ ಜಗಳದ ನಡುವೆ ಭಟ್ರ ಸ್ವರ ಒಡೆಯಿತು. ವಾದಕ್ಕೆ ಉತ್ತರ ಇಲ್ಲದೆ ಕೆಮ್ಮುತ್ತಿದ್ದಾರೆ ಎಂದು ಮಾವ ಖುಷಿಪಟ್ಟರು. ಮರುದಿನವೂ ಸ್ವರ ಸರಿಯಾಗಲಿಲ್ಲ, ವಾರ ಕಳೆದರೂ ಇಲ್ಲ. ಡಾಕ್ಟರು ನೋಡಿ, ಗಂಟಲೊಳಗೆ ಗಡ್ಡೆ ಉಂಟು, ಒಳ್ಳೆಯ ಜಾತಿಯದ್ದಲ್ಲ, ಬೇಗ ತೆಗೆಯಬೇಕು ಎಂದರು. ಸ್ವರ ಉಳಿಯುತ್ತದೋ ಇಲ್ಲವೋ ಆಮೇಲಿನ ಪ್ರಶ್ನೆ, ಮೊದಲು ಮನುಷ್ಯ ಉಳಿಯಲಿ ಎಂದರಂತೆ. ಅದನ್ನು ನಾನೇ ಮಾವನಿಗೆ ಹೇಳಿದೆ. ಮಾವ ರಿಮೋಟ್ ತೆಗೆದು ಟಿವಿ ಆಫ್ ಮಾಡಿದರು.

ಆಪರೇಷನ್ ಆಯಿತು. ಮಾತಾಡಲೇಬಾರದು ಎಂದು ಮೊದಲು ಕಟ್ಟುನಿಟ್ಟು. ಮಾವ ಕ್ಯಾಶನ್ನು ಹೋಟೆಲಿನ ಒಬ್ಬ ಹುಡುಗನಿಗೆ ಬಿಟ್ಟು, ಬೆಳಗ್ಗೆ ಬೆಳಗ್ಗೆ ಜೆಪ್ಪುವಿಗೆ ಹೋಗತೊಡಗಿದರು. ಹೋಗಿ ಎಂತ ಮಾಡುತ್ತಾರೆ ಎಂದು ಭಟ್ರ ಹೆಂಡತಿಯಲ್ಲಿ ಕೇಳಿದೆ. ಅವರು ಗಂಭೀರವಾಗಿಯೇ ಹೇಳಿದರು, "ನಿನ್ನ ಮಾವ ಬರ್ತಾರೆ, ಒಬ್ಬರೇ ಜಗಳ ಮಾಡ್ತಾರೆ, ಹೋಗ್ತಾರೆ."

ನಿಜವೇ. ಒಂದು ದಿನ ಕಣ್ಣಾರೆ ನೋಡಿದೆ. ಭಟ್ರು ಕತ್ತಿಗೆ ಬ್ಯಾಂಡೇಜು ಸುತ್ತಿಕೊಂಡು ಆರಾಮ ಕುರ್ಚಿಯಲ್ಲಿ. ಎದುರಿನ ಸ್ಟೂಲಿನಲ್ಲಿ ಮಾವ. ಮೊದಲು ಪಾಪದವನ ಪರವಾಗಿ ಮಾತಾಡಿದರು. ಆಮೇಲೆ ಸ್ಟೂಲನ್ನು ಸ್ವಲ್ಪ ಬಲಕ್ಕೆ ಸರಿಸಿ, "ಈಗ ನೀವು ಹೇಳುವುದು," ಎಂದು ಬ್ಯಾಂಕ್ ಮ್ಯಾನೇಜರನ ಪರವಾಗಿ ಶುರು ಮಾಡಿದರು. ಶೇಕಡಾವಾರು ಎಲ್ಲ ಹೇಳಿದರು! ಜನ್ಮದಲ್ಲಿ ಯಾರ ಮಾತನ್ನೂ ಒಪ್ಪದ ಮನುಷ್ಯ ಭಟ್ರ ವಾದವನ್ನು ಅಷ್ಟು ಚೆನ್ನಾಗಿ ಮಂಡಿಸಿದರು ಎಂದರೆ, ಕೊನೆಗೆ ತಮಗೇ ಉತ್ತರ ಸಿಗಲಿಲ್ಲ. ತಮ್ಮ ಹತ್ತಿರ ತಾವೇ ಸೋತು, ಸಿಟ್ಟಿನಿಂದ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಜೂನ್ ಕಳೆಯುವಾಗ ಡಾಕ್ಟರು, ಇನ್ನು ಮಾತಾಡಲು ಪ್ರಯತ್ನ ಮಾಡಿ ಎಂದರು. ಭಟ್ರು ಬಾಯಿ ತೆರೆಯಲಿಲ್ಲ. ಹೆಂಡತಿ ಹೇಳಿ ನೋಡಿದರು, ದೇವಸ್ಥಾನದಿಂದ ಅಣ್ಣ ಬಂದು ಹೇಳಿ ನೋಡಿದರು. ಇಲ್ಲ. "ಹೆದರಿಕೆ," ಎಂದು ಹೆಂಡತಿ ಅಡುಗೆಮನೆಯಲ್ಲಿ ನನ್ನ ಹತ್ತಿರ ಪಿಸುಗುಟ್ಟಿದರು. "ಬಾಯಿ ತೆರೆದು ಸ್ವರ ಬಾರದಿದ್ದರೆ ಎಂತ ಮಾಡುವುದು ಅಂತ. ತೆರೆಯದಿದ್ದರೆ ಬರಬಹುದು ಅಂತ ಒಂದು ಆಸೆ ಇರ್ತದಲ್ಲ." ಅವರು ಹೇಳುತ್ತಾ ಸೌತೆಕಾಯಿ ಕೊಚ್ಚುತ್ತಲೇ ಇದ್ದರು. ನಾನು ಕೊಚ್ಚಿದ ಹೋಳುಗಳನ್ನು ಪಾತ್ರೆಗೆ ತುಂಬಿಸಿದೆ.

ಆಮೇಲೆ ಮಾವನ ವಾದದ ಗುಣಮಟ್ಟ ಇಳಿಯಿತು. ಭಟ್ರ ಪರವಾಗಿ ಮಾತಾಡುವಾಗ ಅಂಕಿಗಳನ್ನು ತಪ್ಪು ಹೇಳತೊಡಗಿದರು. ಅರ್ಧಕ್ಕೆ ಕಾಲು ಸೇರಿಸಿ ಒಂದು ಎಂದರು. ಭಟ್ರ ಮುಖ ಕೆಂಪಾಗುತ್ತಿತ್ತು, ಬೆರಳು ಎತ್ತುತ್ತಿದ್ದರು, ತುಟಿ ಅಲುಗುತ್ತಿತ್ತು. ಅಷ್ಟೇ, ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಬೇಕೆಂದೇ ತಪ್ಪು ಹೇಳುತ್ತೀರಾ ಎಂದು ಮಾವನನ್ನು ಕೇಳಿದೆ. "ನನಗೆ ಲೆಕ್ಕ ಬರ್ತದೆ ಅಂತ ನಿನಗೆ ಯಾರು ಹೇಳಿದ್ದು?" ಎಂದರು.

ಜುಲೈ ಬಂತು. ಕಡಲ ಬದಿಯ ಪಂದ್ಯದ ಮರುದಿನ ಬೆಳಗ್ಗೆ ನಾನೂ ಜೆಪ್ಪುವಿಗೆ ಹೋದೆ. ಹೊರಗೆ ಮಳೆ. ಮೂವರೂ ಮೊಬೈಲಿನಲ್ಲಿ ಹೈಲೈಟ್ಸ್ ನೋಡಲು ಕೂತೆವು. ಕೊನೆಯ ಗುಂಡಿಯ ಹತ್ತಿರ ಪಾಪದವ ಚೆಂಡಿನ ಮೇಲೆ ಬಗ್ಗಿ ನಿಂತಿದ್ದ, ಕೈ ನಡುಗುವುದು ನಮಗೇ ಕಾಣುತ್ತಿತ್ತು. ಹೊಡೆದ. ಚೆಂಡು ಗುಂಡಿಯ ಬಾಯಿಯವರೆಗೆ ಹೋಗಿ ಸ್ವಲ್ಪ ಯೋಚನೆ ಮಾಡಿತು. ಒಳಗೆ ಬಿತ್ತು.

ಪಾಪದವ ಗೆದ್ದಿದ್ದ.

ಮಾವ ಈಗ ಕುಣಿಯುತ್ತಾರೆ, ಕುರ್ಚಿಯಲ್ಲಿದ್ದ ರೋಗಿಯನ್ನೂ ಬಿಡದೆ ಕುಣಿಸುತ್ತಾರೆ ಎಂದು ನಾನು ಕಾದೆ. ಅವರು ಮೊಬೈಲನ್ನು ಮಗುಚಿ ತೊಡೆಯ ಮೇಲೆ ಇಟ್ಟರು. ಕಣ್ಣು ಮಾತ್ರ ನೆಲದ ಮೇಲೆ.

"ಭಟ್ರೆ," ಎಂದರು. "ಗೆದ್ದದ್ದು ನಾನು ನೋಡಿದೆ. ಆದರೆ ಎದುರು ಪಾರ್ಟಿ ಒಂದು ಮಾತು ಆಡದೆ ಈ ಗೆಲುವು ನನಗೆ ಬೇಡ. ನೀವು ಬಾಯಿ ತೆರೆಯುವುದಿಲ್ಲವಾದರೆ ಇದು ನಾನು ನೋಡಿಯೇ ಇಲ್ಲ ಅಂತ ಮಾಡ್ತೇನೆ."

ಅಡುಗೆಮನೆಯಲ್ಲಿ ತರಕಾರಿ ಕೊಚ್ಚುವ ಸದ್ದು ನಿಂತಿತು. ಭಟ್ರ ಹೆಂಡತಿ ಬಾಗಿಲಿಗೆ ಬಂದು ನಿಂತದ್ದು ನನಗೆ ಕಂಡಿತು. ಭಟ್ರು ಕತ್ತಿನ ಮೇಲೆ ಕೈ ಇಟ್ಟುಕೊಂಡರು, ಒಂದು ಸಲ ಉಗುಳು ನುಂಗಿದರು. ಬಂದದ್ದು ಕಾಲೇಜಿನ ಹಿಂದಿನ ಬೆಂಚಿಗೆ ಕೇಳುವ ಆ ಸ್ವರ ಅಲ್ಲವೇ ಅಲ್ಲ. ಕರಟವನ್ನು ನೆಲಕ್ಕೆ ತಿಕ್ಕಿದ ಹಾಗೆ, ಅರ್ಧ ಗಾಳಿ. ಆದರೆ ಬಂತು.

"ಬರುವ ವರ್ಷ ನೋಡುವ, ಶೆಟ್ರೆ."

ಮಾವ ತಲೆ ಎತ್ತಲಿಲ್ಲ. ಅವರ ಹೆಗಲು ಅಲುಗುತ್ತಿತ್ತು. ನಾನು ಹುಟ್ಟಿದ ಮೇಲೆ ಮಾವ ಅತ್ತದ್ದನ್ನು ನೋಡಿದವಳಲ್ಲ, ನೋಡಬಾರದು ಎಂದು ಕಿಟಕಿಯ ಕಡೆ ತಿರುಗಿದೆ. ಹಿಂದಿನಿಂದ ಅವರ ಮಾತು ಕೇಳಿತು.

"ಬರಬೇಕು ನೀವು," ಎಂದರು ಮಾವ. "ಆಯ್ತಾ ಭಟ್ರೆ? ಬರುವ ವರ್ಷ ನೀವು ಇರಬೇಕು."